ಶಾಲೆಯ ಹಳೆಯ ರೆಕಾರ್ಡ್ ಪ್ಲೇಯರ್ ಮತ್ತೆ ಹಾಡುತ್ತದೆ, ಆದರೆ ಎಲ್ಲ ಪ್ಲೇಟುಗಳನ್ನೂ ಅದಕ್ಕೆ ಕೊಡಬೇಡಿ

ಪ್ರಶ್ನೆ: ನಾನು ಬೀಳಗಿ ತಾಲೂಕಿನ ಹೈಸ್ಕೂಲೊಂದರಲ್ಲಿ ಓದಿ, ಮುಂದೆ ಅಲ್ಲಿಯೇ ಮಾಸ್ತರಾಗಿ ನಿವೃತ್ತನಾದವನು. ಬರುವ ಜನವರಿಯಲ್ಲಿ ನಮ್ಮ ಬ್ಯಾಚಿನವರು ಸೇರಿ ಗುರುವಂದನಾ ಕಾರ್ಯಕ್ರಮ ಇಟ್ಟುಕೊಂಡಿದ್ದೇವೆ. ಶಾಲೆಯ ತಗಡಿನ ಸ್ಟೋರ್ ಖೋಲಿ ಸ್ವಚ್ಛ ಮಾಡುವಾಗ ನಾವು ವಾರ್ಷಿಕ ಗ್ಯಾದರಿಂಗಿನಲ್ಲಿ ಕುಣಿದಿದ್ದ ಅದೇ ರೆಕಾರ್ಡ್ ಪ್ಲೇಯರ್ ಸಿಕ್ಕಿತು. ಸೂಟ್‌ಕೇಸಿನಂಥ ಕಟ್ಟಿಗೆಯ ಪೆಟ್ಟಿಗೆ, ಮೇಲೆ ರೆಕ್ಸಿನ್, ಕಂಪನಿಯ ಹೆಸರು ಅಳಿಸಿಹೋಗಿದೆ. 16, 33, 45, 78 ಎಂದು (ನಿಮಿಷಕ್ಕೆ ಅಷ್ಟು ಸುತ್ತು) ನಾಲ್ಕು ಸ್ಪೀಡುಗಳಿವೆ, ಒಳಗೆ ಗಾಜಿನ ವಾಲ್ವುಗಳು ಕಾಣುತ್ತವೆ. ಸ್ವಿಚ್ ಹಾಕಿದರೆ ಸ್ಪೀಕರಿನಲ್ಲಿ ಗುಂಯ್ ಎನ್ನುತ್ತದೆ, ತಟ್ಟೆ ತಿರುಗುವುದಿಲ್ಲ. ಜೊತೆಗೆ ಒಂದು ಟ್ರಂಕಿನ ತುಂಬ ಹಾಡಿನ ಪ್ಲೇಟುಗಳಿವೆ. ಕೆಲವು ದಪ್ಪ, ಭಾರ. ಕೆಲವು ಸಣ್ಣವು, ತೆಳ್ಳಗಿನವು. ಒಂದರ ಮೇಲೆ ಅಮೀರಬಾಯಿ ಕರ್ನಾಟಕಿ ಅವರ ಹೆಸರಿದೆ. ಬೆಳಗಾವಿಯಲ್ಲಿ ತೋರಿಸಿದರೆ ಗುಜರಿಗೆ ಹಾಕಿ, ಹೊಸ ಬ್ಲೂಟೂತ್ ಪ್ಲೇಯರ್ ಒಯ್ಯಿರಿ ಎಂದರು. ಅಮೆರಿಕದಲ್ಲಿರುವ ಅಣ್ಣನ ಮಗ, ಅಲ್ಲಿನ ಶಾಲೆಗಳಲ್ಲಿ ಬಳಸುತ್ತಿದ್ದ ಹಳೆಯ ‘ಕ್ಯಾಲಿಫೋನ್’ ತಂದುಕೊಡುತ್ತೇನೆ ಎನ್ನುತ್ತಾನೆ. ನಮಗೆ ಬೇಕಾದದ್ದು ಅದೇ ಪೆಟ್ಟಿಗೆಯ ಅದೇ ದನಿ. ಏನು ಮಾಡಬೇಕು?

ಉತ್ತರ: ಗುರುಗಳೇ, ನಮಸ್ಕಾರ. ಮೊದಲು ಎರಡು ಮಾತು. ಆ ಪ್ಲಗ್ಗನ್ನು ಇನ್ನೊಮ್ಮೆ ಗೋಡೆಗೆ ಹಾಕಬೇಡಿ. ಪೆಟ್ಟಿಗೆಯನ್ನು ಗುಜರಿಗೂ ಕೊಡಬೇಡಿ.

ನೀವು ಬರೆದಿರುವ ಲಕ್ಷಣಗಳಲ್ಲಿ ರಿಪೇರಿಯಾಗದಂಥದ್ದು ಒಂದೂ ಇಲ್ಲ. ಶಾಲೆಗಳಿಗೆಂದು ಕೊಳ್ಳುತ್ತಿದ್ದ ಇಂಥ ಯಂತ್ರಗಳ ಒಳಗೆ ಗುಟ್ಟಿನದ್ದೇನೂ ಇರುವುದಿಲ್ಲ. ಒಂದು ಮೋಟರು, ಒಂದು ರಬ್ಬರ್ ಗಾಲಿ, ದನಿ ಹಿಗ್ಗಿಸುವ ಎರಡು ಮೂರು ಗಾಜಿನ ವಾಲ್ವು, ಬೆರಳೆಣಿಕೆಯ ಕೆಪಾಸಿಟರುಗಳು. ಸ್ಕ್ರೂ ಬಿಚ್ಚಿ ತೆಗೆದು ಮತ್ತೆ ಕೂಡಿಸಲೆಂದೇ ಮಾಡಿದ ವಸ್ತು ಅದು. ನನಗೆ ಚಿಂತೆ ಇರುವುದು ಪ್ಲೇಟುಗಳದ್ದು. ಯಂತ್ರವನ್ನು ಎಷ್ಟು ಸಲ ಬೇಕಾದರೂ ರಿಪೇರಿ ಮಾಡಬಹುದು, ಪ್ಲೇಟಿನ ಗೆರೆ ಒಮ್ಮೆ ಸವೆದರೆ ಮುಗಿಯಿತು. ಮುಂದೆ ನಾನು ಹೇಳುವುದೆಲ್ಲ ಈ ಒಂದು ವಿಚಾರದ ಮೇಲೆ ನಿಂತಿದೆ.

ಕರೆಂಟಿನ ಅಪಾಯದಿಂದ ಶುರು ಮಾಡುತ್ತೇನೆ, ಏಕೆಂದರೆ ಕಾರ್ಯಕ್ರಮದ ದಿನ ಮಕ್ಕಳು ಅದರ ಸುತ್ತ ನೆರೆಯುತ್ತಾರೆ. ಆ ಕಾಲದ ಕಡಿಮೆ ಬೆಲೆಯ ವಾಲ್ವ್ ಪ್ಲೇಯರುಗಳಲ್ಲಿ ಖರ್ಚು ಉಳಿಸಲು ಟ್ರಾನ್ಸ್‌ಫಾರ್ಮರ್ ಇಡುತ್ತಿರಲಿಲ್ಲ. 230 ವೋಲ್ಟಿನ ಒಂದು ತಂತಿ ನೇರವಾಗಿ ಒಳಗಿನ ಲೋಹದ ಚೌಕಟ್ಟಿಗೇ ಸೇರಿರುತ್ತಿತ್ತು. ಎರಡು ಪಿನ್ನಿನ ಪ್ಲಗ್ ತಿರುಗಿ ಕೂತರೆ ಚೌಕಟ್ಟಿಗೆ ಫೇಸ್ ಬರುತ್ತದೆ. ಅದರ ಸ್ಕ್ರೂ ಮುಟ್ಟಿದರೂ ಶಾಕ್ ಹೊಡೆಯಬಹುದು, ಒಳಗಿನ ನಿರೋಧಕ ಕೆಟ್ಟಿದ್ದರೆ ಸೂಜಿಯ ಲೋಹದ ತೋಳಿಗೂ ಅದೇ ಮಾತು. ವಾಲ್ವಿನ ಗಾಜಿನ ಮೇಲೆ ಸಣ್ಣ ಅಕ್ಷರಗಳಿರುತ್ತವೆ, ಟಾರ್ಚ್ ಹಿಡಿದು ಓದಿ. ‘ಯುಸಿಎಲ್82’ ಎಂಬಂತೆ ಯು ಅಕ್ಷರದಿಂದ ಶುರುವಾದರೆ ಅದು 100 ಮಿಲಿ ಆಂಪಿಯರಿನ ಸೀರಿಸ್ ಹೀಟರಿನ ವಾಲ್ವು, ಅಂದರೆ ವಾಲ್ವುಗಳನ್ನು ಕಾಯಿಸುವ ತಂತಿಗಳು ಒಂದರ ಹಿಂದೊಂದು ಸೇರಿರುತ್ತವೆ. ಹೆಚ್ಚು ಕಡಿಮೆ ಖಂಡಿತವಾಗಿ ಚೌಕಟ್ಟು ಮೇನ್ಸಿಗೆ, ಅಂದರೆ ಗೋಡೆಯ ಕರೆಂಟಿಗೆ, ಅಂಟಿದೆ ಎಂದೇ ತಿಳಿಯಿರಿ. ‘ಇಸಿಎಲ್82’ ಎಂಬಂತೆ ಇ ಅಕ್ಷರ ಇದ್ದರೆ ಅದು 6.3 ವೋಲ್ಟಿನದು. ಅಷ್ಟಕ್ಕೇ ನಿಶ್ಚಿಂತರಾಗಬೇಡಿ. ಕೆಲವು ಪ್ಲೇಯರುಗಳಲ್ಲಿ ಹೀಟರಿಗೆ ಬೇಕಾದ 6.3 ವೋಲ್ಟನ್ನು ಮೋಟರಿನ ಸುರುಳಿಯಿಂದಲೇ ತೆಗೆದುಕೊಂಡು, ಉಳಿದದ್ದನ್ನು ನೇರ ಮೇನ್ಸಿನಿಂದ ಕೊಟ್ಟಿರುತ್ತಾರೆ. ಆದ್ದರಿಂದ ಯಾವ ವಾಲ್ವೇ ಇರಲಿ, ನಿಮ್ಮ ಪ್ಲೇಯರಿನ ಮುಂದೆ, ಮೇನ್ಸಿನ ಜೊತೆಗಿನ ನೇರ ಸಂಬಂಧ ಕಡಿಯುವ ಒಂದು ಐಸೊಲೇಶನ್ ಟ್ರಾನ್ಸ್‌ಫಾರ್ಮರ್ ಇರಲೇಬೇಕು. 230ಕ್ಕೆ 230 ಕೊಡುವ, 100 ವೋಲ್ಟ್-ಆಂಪಿಯರಿನ ಟ್ರಾನ್ಸ್‌ಫಾರ್ಮರ್ ಸಾಕು. ವೈಂಡಿಂಗ್ ಮಾಡುವವರು ಸುತ್ತಿ ಕೊಡುತ್ತಾರೆ. ಎರಡೂ ಸುರುಳಿ ಬೇರೆ ಬೇರೆ ಇರಬೇಕು ಎಂದು ಬಿಡಿಸಿ ಹೇಳಿ. ಒಂದೇ ಸುರುಳಿಯ ಆಟೊ ಟ್ರಾನ್ಸ್‌ಫಾರ್ಮರ್ ಕೊಟ್ಟರೆ ಅದರಿಂದ ಯಾವ ರಕ್ಷಣೆಯೂ ಇಲ್ಲ.

ಗುಂಯ್ ಎನ್ನುವ ಸದ್ದು ಬಹುಮಟ್ಟಿಗೆ ಒಣಗಿದ ಎಲೆಕ್ಟ್ರೊಲಿಟಿಕ್ ಕೆಪಾಸಿಟರಿನದು. ಅದರ ಜೊತೆ ಕಾಗದದ ಹಳೆಯ ಕೆಪಾಸಿಟರುಗಳನ್ನೂ, ಅವು ನೋಡಲು ಚೆನ್ನಾಗಿದ್ದರೂ, ಎಲ್ಲವನ್ನೂ ಬದಲಿಸಿರಿ. ಅವು ಸೋರಲು ಶುರುವಾದರೆ ಕೊನೆಯ ವಾಲ್ವು ಮಿತಿಮೀರಿ ಕಾದು ಸಾಯುತ್ತದೆ. ಹೊಸದರ ವೋಲ್ಟ್ ಹಳೆಯದಕ್ಕಿಂತ ಕಡಿಮೆ ಇರಬಾರದು. ಮೊದಲ ಸಲ ಕರೆಂಟ್ ಕೊಡುವಾಗ 60 ವ್ಯಾಟಿನ ಹಳೆಯ ತಂತಿ ಬಲ್ಬನ್ನು ಸೀರಿಸ್‌ನಲ್ಲಿ ಹಾಕಿ. ಎಲ್‌ಇಡಿ ನಡೆಯುವುದಿಲ್ಲ. ಬಲ್ಬು ಒಮ್ಮೆ ಬೆಳಗಿ ಮಂದವಾದರೆ ಸರಿ. ಪೂರ್ತಿ ಉರಿಯುತ್ತಲೇ ಇದ್ದರೆ ಒಳಗೆ ಎಲ್ಲೋ ಶಾರ್ಟ್ ಇದೆ, ಆರಿಸಿಬಿಡಿ. ಇದೆಲ್ಲ ವಾಲ್ವ್ ರೇಡಿಯೊ ಕೈಯಾಡಿಸಿದ ಮೆಕ್ಯಾನಿಕ್ಕಿಗೆ ಗೊತ್ತಿರುವ ಕೆಲಸ. ಬೆಳಗಾವಿ, ವಿಜಯಪುರ, ಬಾಗಲಕೋಟೆ ಯಾವ ಪೇಟೆಯಲ್ಲಾದರೂ ಬೋರ್ಡಿಲ್ಲದ ಅಂಗಡಿಯಲ್ಲಿ ಅಂಥ ಹಿರಿಯರೊಬ್ಬರು ಸಿಗಬಹುದು. ಮೊಬೈಲ್ ಅಂಗಡಿಯವರನ್ನು ಕೇಳುವ ಬದಲು ಟ್ರಾನ್ಸ್‌ಫಾರ್ಮರ್ ಸುತ್ತುವವರನ್ನು ಕೇಳಿದರೆ ಅವರ ವಿಳಾಸ ಬೇಗ ಗೊತ್ತಾಗುತ್ತದೆ.

ಇನ್ನು ತಟ್ಟೆ ತಿರುಗದಿರುವುದು. ಇದು ನನಗೆ ಬಹಳ ಪ್ರಿಯವಾದ ಭಾಗ, ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ತಟ್ಟೆಯನ್ನು ನೇರ ಮೇಲಕ್ಕೆ ಎತ್ತಿದರೆ ಬರುತ್ತದೆ. ನಡುವಿನ ಕಡ್ಡಿಯ ಬಳಿ ಸಣ್ಣ ಕ್ಲಿಪ್ ಇದ್ದರೆ ಮೊದಲು ಅದನ್ನು ತೆಗೆಯಿರಿ. ಕೆಳಗೆ ಮೋಟರಿನ ಕಂಬಿಗೆ ಮೆಟ್ಟಿಲು ಮೆಟ್ಟಿಲಾದ ಹಿತ್ತಾಳೆಯ ಪುಲ್ಲಿ ಕಾಣುತ್ತದೆ. ನಾಲ್ಕು ಮೆಟ್ಟಿಲು, ನಾಲ್ಕು ಸ್ಪೀಡು. ಪಕ್ಕದಲ್ಲಿ ಐಡ್ಲರ್ ಎಂಬ ರಬ್ಬರ್ ಗಾಲಿ. ಅದು ಒಂದು ಕಡೆ ಪುಲ್ಲಿಗೆ, ಇನ್ನೊಂದು ಕಡೆ ತಟ್ಟೆಯ ಒಳ ಅಂಚಿಗೆ ಒತ್ತಿಕೊಂಡು ತಿರುಗುವಿಕೆಯನ್ನು ದಾಟಿಸುತ್ತದೆ. ನೀವು ಸ್ಪೀಡಿನ ಗುಂಡಿ ತಿರುಗಿಸಿದಾಗ ಈ ಗಾಲಿ ಮೆಟ್ಟಿಲು ಹತ್ತಿ ಇಳಿಯುತ್ತದೆ.

ದಶಕಗಟ್ಟಲೆ ಬಿಟ್ಟಿದ್ದರಿಂದ ಇಲ್ಲಿ ಎರಡು ಕೇಡು ಆಗಿರುತ್ತವೆ. ಕಂಪನಿಯವರು ಹಾಕಿದ್ದ ಗ್ರೀಸು ಒಣಗಿ ಮೇಣದಂತೆ ಗಟ್ಟಿಯಾಗಿರುತ್ತದೆ. ಮೋಟರ್ ತಿರುಗಲು ಹೆಣಗುತ್ತದೆ, ತಿರುಗದೆ ನಿಂತಲ್ಲಿಯೇ ಕಾಯುತ್ತದೆ, ಕೊನೆಗೆ ಸುರುಳಿ ಸುಡುತ್ತದೆ. ಸ್ವಿಚ್ ಹಾಕಬೇಡಿ ಎಂದದ್ದಕ್ಕೆ ಇದೂ ಒಂದು ಕಾರಣ. ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ಅದ್ದಿದ ಬಟ್ಟೆಯಿಂದ ಹಳೆಯ ಗ್ರೀಸನ್ನು ಪೂರ್ತಿ ತೆಗೆದು, ಬೇರಿಂಗಿಗೆ ಹೊಲಿಗೆ ಯಂತ್ರದ ಎಣ್ಣೆ ಒಂದೆರಡು ಹನಿ ಬಿಡಿ. ಕೊಬ್ಬರಿ ಎಣ್ಣೆ ಬೇಡವೇ ಬೇಡ. ರಬ್ಬರಿಗೂ ತಟ್ಟೆಯ ಒಳ ಅಂಚಿಗೂ ಎಣ್ಣೆಯ ಪಸೆ ತಾಗಲೇಬಾರದು, ತಾಗಿದರೆ ಗಾಲಿ ಜಾರುತ್ತದೆ.

ಎರಡನೆಯ ಕೇಡು ಗಾಲಿಯದು. ಯಾವುದೋ ಗ್ಯಾದರಿಂಗ್ ಮುಗಿದ ರಾತ್ರಿ ಯಾರೋ ಸ್ಪೀಡಿನ ಗುಂಡಿಯನ್ನು 45ರಲ್ಲೇ ಬಿಟ್ಟು ಮುಚ್ಚಳ ಹಾಕಿದ್ದರೆ, ಅಂದಿನಿಂದ ಇಂದಿನವರೆಗೂ ಪುಲ್ಲಿ ಒಂದೇ ಜಾಗಕ್ಕೆ ಒತ್ತಿ ರಬ್ಬರಿನಲ್ಲಿ ತಗ್ಗು ಬಿದ್ದಿರುತ್ತದೆ. ಆಗ ಹಾಡಿನ ಜೊತೆ ಟಕ್ ಟಕ್ ಎಂದು ತಾಳ ತಪ್ಪಿದ ಸದ್ದು ಬರುತ್ತದೆ. ತಗ್ಗು ಸಣ್ಣದಾದರೆ ನುಣುಪು ಉಸುಕಿನ ಕಾಗದಕ್ಕೆ ಗಾಲಿಯನ್ನು ಸಮನಾಗಿ ತಿರುಗಿಸಿ ತೀಡಬಹುದು. ದೊಡ್ಡದಾದರೆ, ರಬ್ಬರು ಸೀಳಿದ್ದರೆ, ಹೊಸ ರಬ್ಬರು ಕಟ್ಟಿಸಬೇಕು. ಈ ವಿಷಯದಲ್ಲಿ ನೀವು ಪುಣ್ಯವಂತರು. ಬೆಳಗಾವಿಯ ಕೈಗಾರಿಕಾ ಪ್ರದೇಶವಾದ ಉದ್ಯಮಬಾಗದಲ್ಲಿ ಲೇಥು ಹಿಡಿದ ಕೈಗಳಿಗೆ ಬರವಿಲ್ಲ. ಹಳೆಯ ಲೋಹದ ನಡುಭಾಗ ಉಳಿಸಿಕೊಂಡು, ಹೊಸ ರಬ್ಬರು ಅಂಟಿಸಿ, ಲೇಥಿನ ಮೇಲೆ ದುಂಡಗೆ ತಿರುವಿಸಿರಿ. ಅಳತೆ ಕೂದಲೆಳೆಯಷ್ಟು ಹೆಚ್ಚು ಕಡಿಮೆಯಾದರೆ ಸ್ಪೀಡು ತಪ್ಪುತ್ತದೇನೋ ಎಂದು ಹೆದರಬೇಡಿ. ತಟ್ಟೆಯ ವೇಗ ನಿರ್ಧಾರವಾಗುವುದು ಪುಲ್ಲಿಯ ಮೆಟ್ಟಿಲಿನ ಅಳತೆ ಮತ್ತು ತಟ್ಟೆಯ ಒಳ ಅಂಚಿನ ಅಳತೆಯಿಂದ. ನಡುವಿನ ಗಾಲಿ ದಾಟಿಸುವ ಕೆಲಸವನ್ನಷ್ಟೇ ಮಾಡುತ್ತದೆ, ಅದರ ವ್ಯಾಸ ಲೆಕ್ಕಕ್ಕೇ ಬರುವುದಿಲ್ಲ. ಗಾಲಿ ದುಂಡಗಿರಬೇಕು, ರಬ್ಬರು ಮೆತ್ತಗಿರಬೇಕು, ಅಷ್ಟೆ.

ವೇಗ ಸರಿಯಾಗಿದೆಯೇ ಎಂದು ನೋಡಲು ಕಾಗದದ ಮೇಲೆ ಗೆರೆಗಳ ಚಕ್ರವೊಂದನ್ನು ಮುದ್ರಿಸಿ ತಟ್ಟೆಯ ಮೇಲಿಡಿ. ನಮ್ಮ 50 ಹರ್ಟ್ಸ್ ಕರೆಂಟಿಗೆ 78ಕ್ಕೆ 77 ಗೆರೆ, 45ಕ್ಕೆ 133, 33ಕ್ಕೆ 180. ನಿಯಾನ್ ಬಲ್ಬಿನ ಬೆಳಕಿನಲ್ಲಿ ಗೆರೆಗಳು ನಿಂತಂತೆ ಕಂಡರೆ ವೇಗ ಸರಿ.

ನಿಮ್ಮ ಅಣ್ಣನ ಮಗನ ಕ್ಯಾಲಿಫೋನ್ ವಿಷಯವನ್ನೂ ಇಲ್ಲಿಯೇ ಹೇಳುತ್ತೇನೆ, ಯಾಕೆಂದರೆ ಅದೂ ವೇಗಕ್ಕೇ ಸಂಬಂಧಿಸಿದ್ದು. ಅದು ಒಳ್ಳೆಯ ಯಂತ್ರವೇ. ಅಮೆರಿಕದ ಶಾಲೆಗಳಲ್ಲಿ ಒಂದು ತಲೆಮಾರು ಅದರ ಮುಂದೆ ಕೂತು ಬೆಳೆದಿದೆ. ಗಟ್ಟಿ ಪೆಟ್ಟಿಗೆ, ಹಲವು ಮಕ್ಕಳು ಒಟ್ಟಿಗೆ ಕೇಳಲು ಹೆಡ್‌ಫೋನಿನ ಕಿಂಡಿಗಳು, ಮಾತಿನ ರೆಕಾರ್ಡುಗಳಿಗೆಂದು 16ರ ಸ್ಪೀಡು. ಅಲ್ಲಿನ ತರಗತಿಗಳಲ್ಲಿ ಗೋಡೆಯ ಮೇಲೆ ಚಿತ್ರಪಟ್ಟಿ ತೋರಿಸುತ್ತ ರೆಕಾರ್ಡು ಹಚ್ಚುತ್ತಿದ್ದರು. ಬೀಪ್ ಎಂದಾಗ ಒಬ್ಬ ಹುಡುಗ ಎದ್ದು ಮುಂದಿನ ಚಿತ್ರಕ್ಕೆ ತಿರುಗಿಸಬೇಕು. ಅಲ್ಲಿ ಓದಿದವರಿಗೆ ಆ ಬೀಪ್ ಕೇಳಿದರೆ ಎದೆ ತುಂಬುತ್ತದೆ. ನಿಮ್ಮ ಎದೆ ತುಂಬಿಸುವ ಸದ್ದು ಬೇರೆಯದು. ಪರದೆಯ ಹಿಂದೆ ಮಾಸ್ತರು ಬಗ್ಗಿ ನಿಂತು, ಕುಣಿಯುವ ಹುಡುಗಿಯರು ಸಾಲಾಗಿ ನಿಂತರೋ ಇಲ್ಲವೋ ನೋಡಿ, ಸರಿಯಾದ ಗೆರೆಗೆ ಸೂಜಿ ಇಳಿಸುವಾಗಿನ ಆ ಕರಕರ ಸದ್ದು. ಅದು ಕ್ಯಾಲಿಫೋನಿನಲ್ಲಿ ಸಿಗುವುದಿಲ್ಲ.

ತಾಂತ್ರಿಕ ಅಡ್ಡಿಯೂ ಇದೆ. ಅಮೆರಿಕದ ಕರೆಂಟು 120 ವೋಲ್ಟ್, 60 ಹರ್ಟ್ಸ್. ವೋಲ್ಟನ್ನು ಟ್ರಾನ್ಸ್‌ಫಾರ್ಮರ್ ಇಳಿಸಿಕೊಡುತ್ತದೆ, ಹರ್ಟ್ಸನ್ನು ಬದಲಿಸಲಾರದು. ಹಳೆಯ ಎಸಿ ಮೋಟರಿನ ವೇಗ ಹರ್ಟ್ಸಿನ ಹಿಂದೆಯೇ ಹೋಗುತ್ತದೆ. ಆದ್ದರಿಂದ ಇಲ್ಲಿ ಅದು ಆರರಲ್ಲಿ ಐದು ಪಾಲು ವೇಗಕ್ಕೆ ಇಳಿಯುತ್ತದೆ, 78 ಇದ್ದದ್ದು 65 ಆಗುತ್ತದೆ. ಹಾರ್ಮೋನಿಯಂ ಭಾಷೆಯಲ್ಲಿ ಹೇಳಬೇಕೆಂದರೆ ಕಪ್ಪು ನಾಲ್ಕರಲ್ಲಿ ಹಾಡಿದ ಗಾಯಕಿ ಬಿಳಿ ನಾಲ್ಕಕ್ಕೆ ಇಳಿದುಬಿಡುತ್ತಾಳೆ. ನಮ್ಮ ಭಾಗದ ಕಿವಿಗಳು ಅದನ್ನು ಸಹಿಸಲಾರವು. ಪುಲ್ಲಿ ಬದಲಿಸಿ ಸರಿಪಡಿಸಬಹುದು. ಆ ಖರ್ಚಿನಲ್ಲಿ ನಿಮ್ಮ ಪೆಟ್ಟಿಗೆಯೇ ಎದ್ದು ಕೂರುತ್ತದೆ. ಅಣ್ಣನ ಮಗನಿಗೆ ಸೂಜಿ ತರಲು ಹೇಳಿ, ಅದರಿಂದ ನಿಜವಾದ ಉಪಕಾರವಾಗುತ್ತದೆ.

ಸೂಜಿಯ ವಿಷಯ ಸ್ವಲ್ಪ ನಾಜೂಕು. ತೋಳಿನ ತುದಿಯಲ್ಲಿ ಸೂಜಿಯನ್ನು ಹಿಡಿದಿರುವ ಕಾರ್ಟ್ರಿಜ್ ಆ ಕಾಲದ ಲೆಕ್ಕದಲ್ಲಿ ಕ್ರಿಸ್ಟಲ್ ಜಾತಿಯದಾಗಿರುವ ಸಂಭವ ಹೆಚ್ಚು. ಒಳಗೆ ರೋಶೆಲ್ ಲವಣದ ತುಣುಕೊಂದಿರುತ್ತದೆ, ಸೂಜಿ ಅಲುಗಿದಾಗ ಅದು ಬಾಗಿ ವಿದ್ಯುತ್ತನ್ನು ಹುಟ್ಟಿಸುತ್ತದೆ. ಈ ಲವಣಕ್ಕೆ ತೇವವೂ ಆಗದು, ಅತಿ ಒಣಹವೆಯೂ ಆಗದು, 55 ಡಿಗ್ರಿ ದಾಟಿದರೆ ಶಾಶ್ವತವಾಗಿ ಕೆಟ್ಟುಹೋಗುತ್ತದೆ. ನಮ್ಮ ಬ್ಯಾಸಗಿಯಲ್ಲಿ ತಗಡಿನ ಖೋಲಿಯೊಳಗಿನ ಕಾವು ಎಷ್ಟಿರುತ್ತದೆ ಎಂದು ನಿಮಗೇ ಗೊತ್ತು. ಕ್ರಿಸ್ಟಲ್ ಸತ್ತಿದೆ ಎಂದುಕೊಂಡೇ ಹೊರಡಿ. ಅದರ ಜಾಗಕ್ಕೆ ಸೆರಾಮಿಕ್ ಕಾರ್ಟ್ರಿಜ್ ಹಾಕಿಸಿ, ಅದು ಬಾಳಿಕೆ ಬರುತ್ತದೆ. ಇಂದಿನ ಮ್ಯಾಗ್ನೆಟಿಕ್ ಕಾರ್ಟ್ರಿಜ್ ಕೊಡುವುದು ಕೆಲವೇ ಮಿಲಿ ವೋಲ್ಟ್. ನಿಮ್ಮ ವಾಲ್ವಿಗೆ ಅದು ಕೇಳಿಸುವುದೂ ಇಲ್ಲ.

ಕಾರ್ಟ್ರಿಜ್ ಬಳಿ ತಿರುಗಿಸುವ ಒಂದು ಚಿಕ್ಕ ಕಡ್ಡಿ ಇದೆಯೇ ನೋಡಿ. ಒಂದು ಬದಿಗೆ 78ರ ಸೂಜಿ, ಇನ್ನೊಂದು ಬದಿಗೆ 33 ಮತ್ತು 45ರ ಸೂಜಿ. 78ರ ಗೆರೆ ಅಗಲ, ಅದಕ್ಕೆ ತುದಿಯ ತ್ರಿಜ್ಯ ಸುಮಾರು 75 ಮೈಕ್ರಾನ್ ಬೇಕು. ಎಲ್‌ಪಿ (33ರ ದೊಡ್ಡ ಪ್ಲೇಟು) ಕಾಲದ ಸೂಕ್ಷ್ಮ ಗೆರೆಗೆ ಸುಮಾರು 25 ಮೈಕ್ರಾನ್. ದಪ್ಪ ಸೂಜಿಯನ್ನು ಸಣ್ಣ ಗೆರೆಗೆ ಇಟ್ಟರೆ ಗೆರೆಯ ಗೋಡೆ ಕಿತ್ತುಬರುತ್ತದೆ. ಸಣ್ಣ ಸೂಜಿಯನ್ನು 78ಕ್ಕೆ ಇಟ್ಟರೆ ಅದು ತಳದಲ್ಲಿ ಉರುಳಾಡಿ ಬರೀ ಕರಕರ ಎನ್ನುತ್ತದೆ. ನಾಲ್ಕು ಸ್ಪೀಡಿನ ಪ್ಲೇಯರುಗಳು ಶಾಲೆಗಳಿಗೆ ಬರಲು ಕಾರಣವೂ ಈ ಎರಡು ಬಗೆಯ ಪ್ಲೇಟುಗಳೇ. ಬೇರೆ ದೇಶಗಳಲ್ಲಿ 1950ರ ದಶಕದ ಕೊನೆಗೆ 78ರ ಕಾಲ ಮುಗಿದರೂ ನಮ್ಮಲ್ಲಿ 1960ರ ದಶಕದಲ್ಲಿಯೂ ಅವು ಬರುತ್ತಲೇ ಇದ್ದವು. ಒಂದೇ ಟ್ರಂಕಿನಲ್ಲಿ ಎರಡೂ ಕಾಲದ ಪ್ಲೇಟುಗಳು ನಿಮಗೆ ಸಿಕ್ಕಿರುವುದು ಹಾಗಾಗಿಯೇ.

ಸೂಜಿಯ ಭಾರವನ್ನು ಸರಾಫರು ಬಳಸುವ ಚಿಕ್ಕ ಡಿಜಿಟಲ್ ತಕ್ಕಡಿಯಲ್ಲಿ ನೋಡಿ. ಇಂಥ ಪ್ಲೇಯರುಗಳಲ್ಲಿ 5ರಿಂದ 8 ಗ್ರಾಂ ಸಹಜ. ಇಂದಿನ ಒಳ್ಳೆಯ ಟರ್ನ್‌ಟೇಬಲ್‌ಗಳಲ್ಲಿ ಸುಮಾರು 2 ಗ್ರಾಂ. ಅಂದರೆ ನಿಮ್ಮ ಪೆಟ್ಟಿಗೆ ಪ್ರತಿ ಸಲ ಹಾಡಿಸುವಾಗಲೂ ಪ್ಲೇಟನ್ನು ಒಂದಿಷ್ಟು ತಿನ್ನುತ್ತದೆ. ಸ್ಟೀರಿಯೊ ಎಂದು ಬರೆದ ಪ್ಲೇಟುಗಳನ್ನಂತೂ ಅದರ ಮೇಲೆ ಇಡಲೇಬೇಡಿ. ಮೊನೊ, ಅಂದರೆ ಒಂದೇ ಚಾನೆಲ್ಲಿನ, ಕಾರ್ಟ್ರಿಜ್ಜಿನ ಸೂಜಿ ಮೇಲೆ ಕೆಳಗೆ ಅಲುಗುವುದಿಲ್ಲ, ಸ್ಟೀರಿಯೊ ಗೆರೆಯನ್ನು ಉತ್ತುಬಿಡುತ್ತದೆ.

ಈಗ ನಿಮ್ಮ ಟ್ರಂಕಿಗೆ ಬರೋಣ. ದಪ್ಪ, ಭಾರದ ಪ್ಲೇಟುಗಳು ಅರಗಿನವು. ಛೋಟಾನಾಗಪುರದ ಕಡೆಯ ಕಾಡುಗಳಲ್ಲಿ ಕೀಟಗಳಿಂದ ಸಿಗುವ ಅರಗಿಗೆ ಕಲ್ಲಿನ ಪುಡಿ, ಮಸಿ ಬೆರೆಸಿ ಕಲ್ಕತ್ತೆಯಲ್ಲಿ ಒತ್ತುತ್ತಿದ್ದರು. 1908ರಲ್ಲಿ ಸಿಯಾಲ್ದಾದಲ್ಲಿ ಶುರುವಾದ ಗ್ರಾಮಫೋನ್ ಕಾರ್ಖಾನೆ 1920ರ ದಶಕದ ಕೊನೆಯಲ್ಲಿ ದಮ್‌ದಮ್‌ಗೆ ಹೋಯಿತು. ಇವುಗಳನ್ನು ಸ್ಪಿರಿಟ್‌ನಿಂದ, ಆಲ್ಕೊಹಾಲಿನಿಂದ ಎಂದಿಗೂ ಒರೆಸಬೇಡಿ. ಅರಗು ಅದರಲ್ಲಿ ಕರಗುತ್ತದೆ, ಹಾಡು ಬಟ್ಟೆಗೆ ಅಂಟಿಕೊಂಡು ಬರುತ್ತದೆ. ಯಂತ್ರಕ್ಕೆ ತಂದ ಐಸೊಪ್ರೊಪೈಲ್ ಬಾಟಲಿಯನ್ನು ಪ್ಲೇಟುಗಳ ಹತ್ತಿರ ತರಲೇಬೇಡಿ ಎಂದು ಸಹಾಯಕ್ಕೆ ಬಂದ ಹುಡುಗರಿಗೂ ಹೇಳಿ. ತಣ್ಣೀರಿಗೆ ಒಂದೆರಡು ಹನಿ ಮೃದು ಸೋಪು ಹಾಕಿ, ಮೆತ್ತನೆಯ ಬ್ರಷ್ಷಿನಿಂದ ಗೆರೆಯ ಗುಂಟ ತೊಳೆದು, ನಡುವಿನ ಚೀಟಿ ನೆನೆಯದಂತೆ ಹಿಡಿದು, ನೆರಳಿನಲ್ಲಿ ಆರಿಸಿ. ಅರಗಿನ ಪ್ಲೇಟು ಕೈಜಾರಿದರೆ ಒಡೆದು ಚೂರಾಗುತ್ತದೆ, ನೆಲದ ಮೇಲೆ ಚಾಪೆ ಹಾಸಿಕೊಂಡು ಕೂತು ಮಾಡಿ.

ಅಮೀರಬಾಯಿ ಅವರ ಪ್ಲೇಟನ್ನು ಶಾಲೆಯ ಪ್ಲೇಯರಿನ ಮೇಲೆ ಇಡಬೇಡಿ. ನಿಮಗೆ ಬೇಸರವಾಗಬಹುದು ಎಂದು ಬಲ್ಲೆ, ಆದರೂ ಇದನ್ನು ಒತ್ತಿ ಹೇಳುತ್ತೇನೆ. ಅವರು ನಿಮ್ಮ ಬೀಳಗಿಯವರೇ. ಆಗಿನ ವಿಜಾಪುರ ಜಿಲ್ಲೆಯ ಸಣ್ಣ ಊರಿನಿಂದ ಮುಂಬೈಗೆ ಹೋಗಿ, 1940ರ ದಶಕದ ಹಿಂದಿ ಸಿನಿಮಾ ಸಂಗೀತದಲ್ಲಿ ಮೊದಲ ಸಾಲಿನಲ್ಲಿ ಹಾಡಿದವರು. ಅಕ್ಕ ಗೋಹರಬಾಯಿ ಮರಾಠಿ ರಂಗಭೂಮಿಯಲ್ಲಿ ಬಾಲಗಂಧರ್ವರ ಜೊತೆ ಹೆಸರಾದವರು. ಬೀಳಗಿಯ ಶಾಲೆಯ ಟ್ರಂಕಿನಲ್ಲಿ ಆ ದನಿ ಇಷ್ಟು ವರ್ಷ ಉಳಿದಿದೆ ಎಂಬುದೇ ದೊಡ್ಡದು. ಉಳಿದ 78ಗಳನ್ನೂ ಹೆಸರು ಗೊತ್ತಿಲ್ಲವೆಂದು ತಳ್ಳಿಹಾಕಬೇಡಿ. ಗಂಗೂಬಾಯಿ ಹಾನಗಲ್ ಅವರ ಮೊದಮೊದಲ ರೆಕಾರ್ಡುಗಳು ‘ಗಾಂಧಾರಿ’ ಎಂಬ ಹೆಸರಿನಲ್ಲಿ ಬಂದಿದ್ದವು. ಬೆಳಗಾವಿ ಹತ್ತಿರದ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಕುಮಾರ ಗಂಧರ್ವರು ಹುಡುಗರಿದ್ದಾಗಲೇ 78ರ ಪ್ಲೇಟಿಗೆ ಹಾಡಿದ್ದರು. ಚೀಟಿಯ ಮೇಲಿನ ಹೆಸರು, ನಂಬರು, ಚೀಟಿಯ ಹೊರಗೆ ಪ್ಲೇಟಿನ ಮೈಮೇಲೆ ಒತ್ತಿರುವ ನಂಬರು, ಇವಿಷ್ಟನ್ನೂ ಒಂದು ನೋಟ್‌ಬುಕ್ಕಿನಲ್ಲಿ ಬರೆದು ಎರಡೂ ಬದಿಯ ಫೋಟೊ ತೆಗೆಯಿರಿ.

ಆಮೇಲೆ 78ಗಳನ್ನು ಹಗುರ ತೋಳಿನ, 75 ಮೈಕ್ರಾನಿನ ಸೂಜಿ ಹಾಕಿದ ಇಂದಿನ ಟರ್ನ್‌ಟೇಬಲ್ ಮೇಲೆ ಒಮ್ಮೆ ಹಾಡಿಸಿ, 24 ಬಿಟ್, 96 ಕಿಲೋಹರ್ಟ್ಸಿನಲ್ಲಿ ಕಂಪ್ಯೂಟರಿಗೆ ಇಳಿಸಿರಿ. ಅಣ್ಣನ ಮಗ ತರಬೇಕಾದದ್ದು ಆ ಸೂಜಿಯನ್ನು. ಇಳಿಸುವಾಗ ಕರಕರ ಸದ್ದು ತೆಗೆಯುವ ಸಾಫ್ಟ್‌ವೇರ್ ಹಚ್ಚಬೇಡಿ. ಮೊದಲ ಪ್ರತಿ ಇದ್ದದ್ದು ಇದ್ದಂತೆಯೇ ಇರಲಿ, ಸ್ವಚ್ಛ ಮಾಡುವುದನ್ನು ಅದರ ನಕಲಿನ ಮೇಲೆ ಮಾಡಿ. ಅಂಗಡಿಯವರು ತೋರಿಸಿದ ಅಗ್ಗದ ಬ್ಲೂಟೂತ್ ಪ್ಲೇಯರ್ ಈ ಕೆಲಸಕ್ಕೆ ಬಾರದು. ಅವುಗಳಲ್ಲಿ ಬಹಳಷ್ಟರ ತೋಳು ನಿಮ್ಮ ಪೆಟ್ಟಿಗೆಯದರಷ್ಟೇ ಭಾರ, ಸೂಜಿಯೂ ಒಂದೇ ಅಳತೆಯದು.

ಗುರುವಂದನೆಯ ದಿನ ಪೆಟ್ಟಿಗೆಯಲ್ಲಿ ಹಾಡಿಸಲು ಆ ಸಣ್ಣ 45ಗಳಲ್ಲಿ ಮೊನೊ ಇರುವಂಥವನ್ನು, ಎಲ್ಲೆಡೆ ಸಿಗುವ ಸಿನಿಮಾ ಹಾಡುಗಳನ್ನು ಆರಿಸಿ. ಅವು ಒಂದಿಷ್ಟು ಸವೆದರೂ ನಷ್ಟವಿಲ್ಲ, ನೀವು ಕುಣಿದದ್ದೂ ಅವಕ್ಕೇ ಇರಬೇಕು. ವಾಲ್ವು ಕಾಯಲು ಅರ್ಧ ನಿಮಿಷ ಬೇಕು, ಸ್ವಿಚ್ ಹಾಕಿದ ಕೂಡಲೇ ದನಿ ಬರಲಿಲ್ಲವೆಂದು ಗಾಬರಿಯಾಗಬೇಡಿ. ಪೆಂಡಾಲಿನ ದೊಡ್ಡ ಆಂಪ್ಲಿಫೈಯರಿಗೆ ಇದರಿಂದ ತಂತಿ ಎಳೆಯಲು ಸೌಂಡ್ ಸಿಸ್ಟಮ್ಮಿನ ಹುಡುಗರು ಮುಂದಾಗುತ್ತಾರೆ, ಬಿಡಬೇಡಿ. ಚೌಕಟ್ಟಿನ ಮೇನ್ಸ್ ಆ ತಂತಿಗುಂಟ ಮೈಕಿನವರೆಗೂ ಹೋಗಬಹುದು. ಪೆಟ್ಟಿಗೆಯ ಸ್ಪೀಕರಿನ ಮುಂದೆ ಒಂದು ಮೈಕ್ ಇಟ್ಟರೆ ಸಾಕು, ಅದೇ ಕಟ್ಟಿಗೆಯ ದನಿ ಪೆಂಡಾಲಿನ ಕೊನೆಯವರೆಗೂ ಮುಟ್ಟುತ್ತದೆ. ಸೂಜಿ ಇಳಿಸುವ ಕೆಲಸವನ್ನು ಆಗ ಇಳಿಸುತ್ತಿದ್ದ ಗುರುಗಳು ಬಂದಿದ್ದರೆ ಅವರಿಂದಲೇ ಮಾಡಿಸಿ.

ಕಾರ್ಯಕ್ರಮ ಮುಗಿದ ಮೇಲೆ ಸ್ಪೀಡಿನ ಗುಂಡಿಯನ್ನು ಎರಡು ಸ್ಪೀಡುಗಳ ನಡುವಿನ ಅಥವಾ ಆಫ್ ಜಾಗಕ್ಕೆ ತಂದು ಗಾಲಿಯನ್ನು ಬಿಡಿಸಿ ಇಡಿ. ಪೆಟ್ಟಿಗೆ ತಗಡಿನ ಖೋಲಿಗೆ ಮರಳದೆ ಹೆಡ್ ಮಾಸ್ತರರ ಖೋಲಿಯ ಕಪಾಟಿಗೆ ಹೋಗಲಿ. ಪ್ಲೇಟುಗಳನ್ನು ಒಂದರ ಮೇಲೊಂದು ಪೇರಿಸದೆ ಪುಸ್ತಕದಂತೆ ನೆಟ್ಟಗೆ ನಿಲ್ಲಿಸಿ. ವಾಲ್ವಿನ ಮೇಲಿನ ಅಕ್ಷರಗಳು, ತೋಳಿನ ತುದಿಯ ಕಾರ್ಟ್ರಿಜ್, ತಟ್ಟೆ ಎತ್ತಿದಾಗ ಕಾಣುವ ಪುಲ್ಲಿ ಮತ್ತು ಗಾಲಿ, ಈ ಮೂರರ ಫೋಟೊ ನನಗೆ ಕಳಿಸಿರಿ. ಅಣ್ಣನ ಮಗನಿಗೆ ಯಾವ ಕಾರ್ಟ್ರಿಜ್, ಯಾವ ಸೂಜಿ ತರಲು ಹೇಳಬೇಕು ಎಂದು ನೋಡಿ ತಿಳಿಸುತ್ತೇನೆ.